ಕೋಲು ಹಿಡಿದರೆ ಕಸುಬು, ರಾಡ್ ಹಿಡಿದರೆ ಕ್ರೀಡೆ?

ರೀಲ್ಸ್ ನೋಡುವಾಗ ಇಂಥ ವಿಡಿಯೋ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ನೀಲಿ ಸಮುದ್ರ, ಬಿಳಿ ಬೋಟು, ಕಪ್ಪು ಕನ್ನಡಕ ಹಾಕಿದ ಒಬ್ಬ ಮನುಷ್ಯ. ಕೈಯಲ್ಲಿ ಬಿಲ್ಲಿನ ಹಾಗೆ ಬಾಗಿದ ರಾಡ್. ಅರ್ಧ ಗಂಟೆ ಜಗ್ಗಾಟ. ಕೊನೆಗೆ ಎದೆಯಗಲದ ಮೀನನ್ನು ಕೂಸಿನ ಹಾಗೆ ಎತ್ತಿಕೊಂಡು ಒಂದು ಫೋಟೊ. ಆಮೇಲೆ ಅದನ್ನು ಮೆಲ್ಲಗೆ ನೀರಿಗೆ ಬಿಡುತ್ತಾನೆ. ಕೆಳಗೆ ಜನ ಬರೆದಿರುತ್ತಾರೆ, ‘ಎಂಥ ದೊಡ್ಡ ಮನಸ್ಸು!’

ಆ ಸಮುದ್ರ ಅಂಡಮಾನಿನದಿರಬಹುದು, ಮಾಲ್ಡೀವ್ಸಿನದಿರಬಹುದು, ಮಲೇಷ್ಯಾದ ರೊಂಪಿನ್ ಊರಿನದಿರಬಹುದು. ಇದಕ್ಕೆ ಸ್ಪೋರ್ಟ್ ಫಿಶಿಂಗ್, ಗೇಮ್ ಫಿಶಿಂಗ್ ಎನ್ನುತ್ತಾರೆ. ನಮ್ಮ ಬಿಸಿನೀರಿನ ಸಮುದ್ರಗಳಿಗೆ ಯುರೋಪು, ಜಪಾನು, ಆಸ್ಟ್ರೇಲಿಯಾಗಳಿಂದ, ಈಗೀಗ ಬೆಂಗಳೂರು ಮುಂಬೈಗಳಿಂದಲೂ ಜನ ಇದಕ್ಕಾಗಿಯೇ ಬರುತ್ತಾರೆ. ಒಂದು ವಾರದ ಖರ್ಚು ಲಕ್ಷದ ಲೆಕ್ಕದಲ್ಲಿ ಇರುತ್ತದೆ. ಲಕ್ಷದ್ವೀಪದ ಪ್ರವಾಸೋದ್ಯಮದ ಜಾಹೀರಾತಿನಲ್ಲೂ ಈ ಆಟದ ಹೆಸರು ಮೊದಲಿನಿಂದ ಇದೆ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ನೀರಿಗಿಳಿದ ಫೋಟೊ ಬಂದ ಮೇಲಂತೂ ‘ಮಾಲ್ಡೀವ್ಸ್ ಬಿಡಿ, ಲಕ್ಷದ್ವೀಪ ನೋಡಿ’ ಎನ್ನುವ ಅಬ್ಬರ ಎದ್ದಿತು. ಮುಂದಿನ ತಿಂಗಳ ಮಧ್ಯಂತರ ಬಜೆಟ್ಟಿನಲ್ಲೇ ದ್ವೀಪಗಳ ಪ್ರವಾಸೋದ್ಯಮಕ್ಕೆ ಮೂಲಸೌಕರ್ಯ ಒದಗಿಸುವ ಮಾತು ಬಂತು.

ಈ ಆಟವನ್ನು ಹೊಗಳುವವರದ್ದು ಒಂದೇ ಮಾತು: ‘ಹಿಡಿಯುತ್ತಾರೆ, ಬಿಡುತ್ತಾರೆ. ಮೀನೂ ಉಳಿಯಿತು, ದುಡ್ಡೂ ಬಂತು. ಯಾರಿಗೇನು ನಷ್ಟ?’

ಮೀನು ಬಿಟ್ಟರೋ ಕೊಂದರೋ ಎನ್ನುವುದು ಎರಡನೇ ಪ್ರಶ್ನೆ. ಬೋಟು ಯಾರದು, ಆ ನೀರಿನ ಮೇಲೆ ಹಕ್ಕು ಯಾರದು ಎನ್ನುವುದನ್ನು ಮೊದಲು ಕೇಳಬೇಕು. ಅದನ್ನು ಕೇಳದೆ ಯಾವ ದ್ವೀಪವನ್ನೂ ‘ಫಿಶಿಂಗ್ ಡೆಸ್ಟಿನೇಷನ್’ ಮಾಡಬಾರದು. ಲಕ್ಷದ್ವೀಪವನ್ನಂತೂ ಮಾಡಲೇಬಾರದು.

ಮೊದಲು ಆಟ ಏನೆಂದು ತಿಳಿಯೋಣ. ಬೋಟು ಓಡುತ್ತಿರುವಾಗ ಹಿಂದೆ ಗಾಳ ಎಳೆದುಕೊಂಡು ಹೋಗುವುದು ಟ್ರೋಲಿಂಗ್. ಬಲೆ ಎಳೆಯುವ ನಮ್ಮ ಟ್ರಾಲಿಂಗ್ ಬೇರೆ, ಹೆಸರು ಹತ್ತಿರ ಇದೆ ಅಷ್ಟೆ. ಹವಳದ ದಿಬ್ಬದ ಅಂಚಿಗೆ ಮರದ ಹುಸಿಮೀನು ಎಸೆದು, ಅದು ನೀರ ಮೇಲೆ ಬುಳುಕ್ ಬುಳುಕ್ ಎನ್ನುವಂತೆ ಜಗ್ಗುತ್ತ ಬರುವುದು ಪಾಪಿಂಗ್. ಲೋಹದ ತುಂಡನ್ನು ಆಳಕ್ಕೆ ಬಿಟ್ಟು ಮೇಲೆ ಕೆಳಗೆ ಕುಣಿಸುವುದು ಜಿಗ್ಗಿಂಗ್. ಅಂಡಮಾನ್ ಪಾಪಿಂಗಿಗೆ ಹೆಸರುವಾಸಿ. ಅಲ್ಲಿಗೆ ಬರುವವರು ಹುಡುಕುವುದು ಜಿಟಿ, ಅಂದರೆ ಜೈಂಟ್ ಟ್ರೆವಲಿ. ನಮ್ಮ ಕರಾವಳಿಯ ಕೊಕ್ಕರ್ ಮೀನಿಗೆ ದೊಡ್ಡಣ್ಣ ಎನ್ನಿ. 2006ರಲ್ಲಿ ಜಪಾನಿನಲ್ಲಿ ಗಾಳಕ್ಕೆ ಬಿದ್ದ ಒಂದು ಜಿಟಿ 72.8 ಕಿಲೋ ಇತ್ತು, ಅದು ವಿಶ್ವದಾಖಲೆ. ಇಷ್ಟು ದೊಡ್ಡ ಮೀನು ಬೆಳೆಯಲು ಹತ್ತಾರು ವರ್ಷ ಬೇಕು. ದಕ್ಷಿಣ ಏಷ್ಯಾದ ಜೀವಂತ ಜ್ವಾಲಾಮುಖಿ ಇರುವ ಬ್ಯಾರನ್ ದ್ವೀಪದ ಸುತ್ತಲ ಆಳದಲ್ಲೂ ಗಾಳ ಹಾಕಲು ಬೋಟುಗಳು ಹೋಗುತ್ತವೆ. ಹೊಗೆಯಾಡುವ ಬೆಟ್ಟ ಹಿಂದೆ, ಮೀನು ಕೈಯಲ್ಲಿ. ಫೋಟೊಕ್ಕೆ ಇನ್ನೇನು ಬೇಕು?

ಬಿಡುವ ಮಾತಿಗೆ ಬರೋಣ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. 2005ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಅಟ್ಲಾಂಟಿಕ್ ಸಮುದ್ರದ ಬಿಳಿ ಮಾರ್ಲಿನ್ ಮೀನುಗಳನ್ನು ಗಾಳದಲ್ಲಿ ಹಿಡಿದು, ಉಪಗ್ರಹಕ್ಕೆ ಸುದ್ದಿ ಕಳಿಸುವ ಟ್ಯಾಗ್ ಕಟ್ಟಿ ಬಿಟ್ಟಿದ್ದರು. ನಾವೆಲ್ಲ ನೋಡಿರುವ, ಇಂಗ್ಲಿಷಿನ ‘ಜೆ’ ಅಕ್ಷರದಂಥ ಗಾಳಕ್ಕೆ ಸಿಕ್ಕವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಸತ್ತಿತು. ತುದಿ ಒಳಕ್ಕೆ ಬಾಗಿದ ಗುಂಡು ಗಾಳಕ್ಕೆ ಸಿಕ್ಕವು ಹೆಚ್ಚುಕಡಿಮೆ ಎಲ್ಲ ಬದುಕಿದವು. ಜೆ ಗಾಳವನ್ನು ಮೀನು ನುಂಗಿದರೆ ಅದು ಗಂಟಲಲ್ಲೋ ಹೊಟ್ಟೆಯಲ್ಲೋ ಕಚ್ಚುತ್ತದೆ. ಗುಂಡು ಗಾಳ ಜಾರಿಕೊಂಡು ಬಂದು ಬಾಯಿಯ ಮೂಲೆಗೆ ಸಿಕ್ಕುತ್ತದೆ. ಕಬ್ಬಿಣದ ತುಂಡನ್ನು ಬಗ್ಗಿಸುವ ರೀತಿಯಲ್ಲಿ ಸಾವು ಬದುಕಿನ ಇಷ್ಟು ಅಂತರ ಇದೆ. ಅಮೆರಿಕದವರು ತಮ್ಮ ಅಟ್ಲಾಂಟಿಕ್ ಮಾರ್ಲಿನ್, ಸೈಲ್‌ಫಿಶ್ ಪಂದ್ಯಗಳಲ್ಲಿ ನಿಜವಾದ ಎರೆ ಬಳಸುವವರಿಗೆ 2008ರಿಂದ ಗುಂಡು ಗಾಳ ಕಡ್ಡಾಯ ಮಾಡಿದರು.

ಗಾಳದ್ದಷ್ಟೇ ಅಲ್ಲ. ಆಳದಲ್ಲಿದ್ದ ಮುರು ಮೀನನ್ನು ಸರ್ರನೆ ಮೇಲೆಳೆದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಕರುಳು ಬಾಯಿಗೆ ಬರುತ್ತದೆ. ಅದನ್ನು ಹಾಗೇ ನೀರಿಗೆ ಬಿಟ್ಟರೆ ಕೆಳಗೆ ಹೋಗಲಾರದೆ ತೇಲುತ್ತದೆ. ಅರ್ಧ ಗಂಟೆ ಎಳೆದಾಡಿ ಸುಸ್ತಾದ ಮೀನನ್ನು ಫೋಟೊಕ್ಕೆಂದು ಬಿಸಿಲಲ್ಲಿ ಎತ್ತಿ ಹಿಡಿಯುವುದು, ಓಡಿ ಬಂದವನ ಮೂಗು ಮುಚ್ಚಿದ ಹಾಗೆ. ಇನ್ನು ಶಾರ್ಕುಗಳು. ಗಾಳದಲ್ಲಿರುವ ಮೀನು ದಣಿದಾಗ ಅವು ಬಂದು ಅರ್ಧ ಕಚ್ಚಿಕೊಂಡು ಹೋಗುತ್ತವೆ. ಈ ಆಟದವರು ಅದನ್ನು ತಮಾಷೆಗೆ ಸುಂಕ ವಸೂಲಿ ಎನ್ನುತ್ತಾರೆ. ತಲೆ ಮಾತ್ರ ಉಳಿದ ಮೀನು ಬಿಟ್ಟ ಮೀನಿನ ಲೆಕ್ಕಕ್ಕೂ ಬರುವುದಿಲ್ಲ, ಹಿಡಿದ ಮೀನಿನ ಲೆಕ್ಕಕ್ಕೂ ಬರುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತು ಒಪ್ಪಬೇಕು. ಒಂದು ಟ್ರಾಲ್ ಬೋಟು ಕೆಲವೇ ದಿನಗಳಲ್ಲಿ ಕೊಲ್ಲುವ ಮರಿಮೀನಿನ ಮುಂದೆ ಇವರ ಇಡೀ ಸೀಸನ್ನಿನ ಪಾಪ ಸಣ್ಣದು. ಹಾಗಾಗಿ ‘ಮೀನಿಗೆ ನೋವಾಗುತ್ತದೆ, ಇದನ್ನು ನಿಷೇಧಿಸಿ’ ಎನ್ನುವ ನಗರದ ದಯಾಳುಗಳ ಜೊತೆ ನಾನಿಲ್ಲ. ಬಂಗುಡೆ ಸಾರು ತಿಂದು ಎದ್ದವರು ಆ ಮಾತು ಆಡುವುದು ಕಷ್ಟ. ಮೀನಿಗಿಂತ ಹೆಚ್ಚು ನನಗೆ ಮನುಷ್ಯರ ಚಿಂತೆ.

ಮಾಲ್ಡೀವ್ಸ್ ನೋಡಿ. ಅಲ್ಲಿ ಮೊದಲ ರೆಸಾರ್ಟ್ ಶುರುವಾದದ್ದು 1972ರಲ್ಲಿ. ಅವರ ಪದ್ಧತಿ ಹೀಗೆ: ಜನ ಇಲ್ಲದ ಒಂದು ದ್ವೀಪ, ಅದರಲ್ಲಿ ಒಂದೇ ರೆಸಾರ್ಟ್. ಊರಿನವರು ಇರುವ ದ್ವೀಪ ಬೇರೆ, ಅತಿಥಿಗಳ ದ್ವೀಪ ಬೇರೆ. ಜನವಸತಿಯ ದ್ವೀಪಗಳಲ್ಲಿ ಸ್ಥಳೀಯರೇ ಗೆಸ್ಟ್‌ಹೌಸ್ ನಡೆಸಲು ದಾರಿ ತೆರೆದದ್ದು 2009ರಲ್ಲಿ. ನಡುವಿನ ಮೂವತ್ತೇಳು ವರ್ಷ ದುಡ್ಡು ಎಲ್ಲಿಗೆ ಹೋಯಿತು? ರೆಸಾರ್ಟಿನ ಮಾಲೀಕರಿಗೆ, ಬ್ಯಾಂಕುಗಳಿಗೆ, ಸರ್ಕಾರಕ್ಕೆ. ಎದುರಿನ ದ್ವೀಪದ ಮೀನುಗಾರ ರೆಸಾರ್ಟಿನ ಅಡುಗೆಮನೆಗೆ ಮೀನು ಕೊಟ್ಟು ಹಿಂದಿರುಗುತ್ತಿದ್ದ. ಗೆಸ್ಟ್‌ಹೌಸ್ ಬಂದ ಮೇಲೆ ಅದೇ ಮನುಷ್ಯನ ಮನೆಯ ಕೋಣೆಗೆ ಬಾಡಿಗೆ ಬಂತು, ಅವನ ಧೋನಿಯಲ್ಲಿ ಸಂಜೆ ಗಾಳ ಹಾಕಲು ಅತಿಥಿ ಬಂದ, ಹಿಡಿದ ಮೀನು ಅವನ ಮನೆಯವರ ಅಡುಗೆಯಾಯಿತು. ಸಮುದ್ರ ಅದೇ, ಮೀನೂ ಅದೇ. ಬದಲಾದದ್ದು ಒಂದು ಕಾನೂನು.

ಅಲ್ಲಿಯದೇ ಇನ್ನೊಂದು ಲೆಕ್ಕವಿದೆ. 1993ರ ಒಂದು ಅಧ್ಯಯನ ಹೇಳಿತು: ಡೈವಿಂಗ್ ಮಾಡುವ ಜಾಗದಲ್ಲಿ ಬದುಕಿರುವ ಒಂದು ಬೂದು ಶಾರ್ಕ್ ವರ್ಷಕ್ಕೆ 3,300 ಡಾಲರ್ ತಂದುಕೊಡುತ್ತದೆ, ಸತ್ತರೆ ಅದರ ಬೆಲೆ ಒಂದೇ ಸಲ 32 ಡಾಲರ್. ಜಗತ್ತಿನ ಪರಿಸರದವರೆಲ್ಲ ಈ ಲೆಕ್ಕವನ್ನು ಬಾಯಿಪಾಠ ಮಾಡಿದ್ದಾರೆ. 2010ರಲ್ಲಿ ಮಾಲ್ಡೀವ್ಸ್ ಶಾರ್ಕ್ ಹಿಡಿಯುವುದನ್ನು ಪೂರ್ತಿ ನಿಲ್ಲಿಸಿತು. ಶಾರ್ಕ್ ಉಳಿಯಬೇಕು, ಒಳ್ಳೆಯದೇ ಆಯಿತು. ಆದರೆ ಆ 32 ಡಾಲರ್ ಯಾರ ಜೇಬಿಗೆ ಬರುತ್ತಿತ್ತು, 3,300 ಡಾಲರ್ ಯಾರ ಜೇಬಿಗೆ ಹೋಯಿತು? ಶಾರ್ಕ್ ಹಿಡಿಯುತ್ತಿದ್ದವನ 32 ಹೋಯಿತು, ಡೈವಿಂಗ್ ಬೋಟಿನವನಿಗೆ 3,300 ಬಂತು. ಎರಡನ್ನೂ ಒಂದೇ ಗೆರೆಯಲ್ಲಿ ಬರೆದು ‘ದೇಶಕ್ಕೆ ಲಾಭ’ ಎನ್ನುವುದು ನಮ್ಮ ಕಡೆ ಕೆರೆ ಮುಚ್ಚಿ ಲೇಔಟ್ ಮಾಡಿದಾಗ ‘ಊರಿಗೆ ಲಾಭ’ ಎಂದ ಹಾಗೇ.

ಮಲೇಷ್ಯಾದ ರೊಂಪಿನ್ ಸ್ವಲ್ಪ ಬೇರೆ ಕಥೆ. ಪಹಾಂಗ್ ರಾಜ್ಯದ ಸಣ್ಣ ಮೀನುಗಾರಿಕೆ ಊರು ಅದು. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ ಬಿಚ್ಚುವ ಸೈಲ್‌ಫಿಶ್ ಅಲ್ಲಿ ದಡದಿಂದ ತೀರ ದೂರವಲ್ಲದ ನೀರಿಗೆ ಗುಂಪಾಗಿ ಬರುತ್ತದೆ. ಅದನ್ನು ಹಿಡಿದು ಬಿಡಲು ದೂರದ ಊರುಗಳಿಂದ ಜನ ಬರುತ್ತಾರೆ. ಬೋಟು ನಡೆಸುವವರಲ್ಲಿ ಊರಿನ ಮೀನುಗಾರರೂ ಇದ್ದಾರೆ. ಹಕ್ಕಿ ಎಲ್ಲಿ ಎರಗುತ್ತಿದೆ, ನೀರಿನ ಬಣ್ಣ ಎಲ್ಲಿ ಬದಲಾಗಿದೆ, ಎರೆಮೀನು ಎಲ್ಲಿ ಸಿಗುತ್ತದೆ ಎಂದು ಗೊತ್ತಿರುವುದು ಅವರಿಗೇ. ಆ ತಿಳಿವಳಿಕೆಗೆ ಅಲ್ಲಿ ಬೆಲೆ ಸಿಗುತ್ತದೆ. ಅಲ್ಲೂ ಎಲ್ಲ ಸರಿಯಿದೆ ಎಂದು ಹೇಳುತ್ತಿಲ್ಲ. ಆದರೆ ಮೀನುಗಾರನಿಗೆ ಕೂಲಿಯಾಳಿನ ಜಾಗ ಬಿಟ್ಟು ಬೇರೆ ಜಾಗವೂ ಈ ಆಟದಲ್ಲಿ ಇರಬಹುದು ಎನ್ನುವುದಕ್ಕೆ ಆ ಊರು ಸಾಕು.

ಈಗ ನಮ್ಮ ಪಕ್ಕದ ದ್ವೀಪಗಳಿಗೆ ಬರೋಣ. ಪಕ್ಕದ ಎಂದದ್ದು ಬಾಯಿಮಾತಿಗಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಅಲ್ಲಿಯ ಕೊಬ್ಬರಿ, ತೆಂಗಿನ ನಾರಿನ ಹಗ್ಗ ಹಡಗಿನಲ್ಲಿ ಮಂಗಳೂರಿಗೆ ಬಂದು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಮಂಗಳೂರಿನ ಹಳೆ ಬಂದರಿನ ಮಂಜಿಗಳು ಇತ್ತೀಚಿನವರೆಗೂ ದ್ವೀಪಗಳಿಗೆ ದಿನಸಿ, ಇಟ್ಟಿಗೆ, ಜಲ್ಲಿ ಹೊತ್ತು ಸಾಗಿವೆ.

ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ನಮ್ಮಲ್ಲಿ ಕೆಲವು ಗ್ರಾಮ ಪಂಚಾಯಿತಿಗಳೇ ಇದಕ್ಕಿಂತ ದೊಡ್ಡವು. 2011ರ ಜನಗಣತಿಯಂತೆ ಜನ 64,473. ಹವಳದ ಗೋಡೆಯೊಳಗಿನ ತಿಳಿನೀರಿನ ಲಗೂನ್ ಮಾತ್ರ ಸುಮಾರು 4,200 ಚದರ ಕಿಲೋಮೀಟರ್. ನೆಲ ಅಂಗೈಯಷ್ಟು, ನೀರು ಹೊಲದಷ್ಟು. ಹೊಲ ಎಂದದ್ದನ್ನು ನೆನಪಿಡಿ.

ಆ ಹೊಲದಲ್ಲಿ ಏನು ಬೆಳೆಯುತ್ತದೆ? ಎರೆ. ಬೆರಳುದ್ದದ ಸಣ್ಣ ಸಣ್ಣ ಮೀನು. ಲಕ್ಷದ್ವೀಪದ ಮುಖ್ಯ ಕಸುಬು ಟ್ಯೂನ, ನಮ್ಮವರು ಕೇದರ ಎನ್ನುವ ಜಾತಿ. ಅವರು ಅದನ್ನು ಬಲೆಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಕೋಲಿನಲ್ಲಿ ಹಿಡಿಯುತ್ತಾರೆ. ಮಿನಿಕಾಯ್ ದ್ವೀಪದಲ್ಲಿ ಇದು ತಲೆಮಾರುಗಳ ವಿದ್ಯೆ. ಮಾಲ್ಡೀವ್ಸಿನದ್ದೂ ಇದೇ ವಿದ್ಯೆ, ಎರಡು ಕಡೆಯ ಭಾಷೆಯೂ ಒಂದೇ ಬೇರಿನದು.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಲಗೂನಿನೊಳಗೆ, ಹವಳದ ಸಂದಿಗಳ ಹತ್ತಿರ, ಬಲೆಯನ್ನು ನೀರಿಗಿಳಿಸಿ ಎರೆಮೀನನ್ನು ಜೀವಂತ ಹಿಡಿಯುತ್ತಾರೆ. ಬೋಟಿನ ಹೊಟ್ಟೆಯಲ್ಲೇ ಒಂದು ತೊಟ್ಟಿ. ಅದರೊಳಗೆ ಸಮುದ್ರದ ನೀರು ಹರಿಯುತ್ತಿರಬೇಕು, ಇಲ್ಲದಿದ್ದರೆ ಎರೆ ಸಾಯುತ್ತದೆ. ಎರೆ ಸತ್ತರೆ ಆ ದಿನದ ದುಡಿಮೆಯೂ ಸತ್ತ ಹಾಗೆ. ಆಮೇಲೆ ಹೊರ ಸಮುದ್ರಕ್ಕೆ ಹೋಗಿ ಹಕ್ಕಿ ಎರಗುವ ಜಾಗ ನೋಡಿ ಟ್ಯೂನದ ಹಿಂಡು ಹುಡುಕುತ್ತಾರೆ. ಒಬ್ಬ ಬೊಗಸೆಯಲ್ಲಿ ಎರೆ ಎಸೆಯುತ್ತಾನೆ. ನೀರು ಚಿಮುಕಿಸುತ್ತಾರೆ, ಮೀನಿನ ಕಣ್ಣಿಗೆ ಅದು ಎರೆಮೀನಿನ ಹಿಂಡು ಕುಣಿದ ಹಾಗೆ ಕಾಣುತ್ತದೆ. ಹಿಂಡು ಹುಚ್ಚೆದ್ದು ಮೇಲೆ ಬಂದಾಗ ಸಾಲಾಗಿ ನಿಂತವರು ಕೋಲು ಬೀಸುತ್ತಾರೆ. ಗಾಳಕ್ಕೆ ಮುಳ್ಳಿಲ್ಲ. ಕಚ್ಚಿದ ಮೀನು ಗಾಳಿಯಲ್ಲಿ ಹಾರಿ ಬೋಟಿಗೆ ಬೀಳುವಾಗಲೇ ಗಾಳ ತಾನಾಗಿ ಬಿಡಿಸಿಕೊಳ್ಳುತ್ತದೆ, ಕೋಲು ಮತ್ತೆ ನೀರಿಗೆ. ಒಂದು ಕೋಲಿಗೆ ಒಂದು ಮೀನು. ಬೇರೆ ಜಾತಿಯ ಮರಿ, ಆಮೆ, ಡಾಲ್ಫಿನ್ ಸಿಕ್ಕಿಕೊಳ್ಳುವ ಪ್ರಶ್ನೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಿಡಿದದ್ದರಲ್ಲಿ ಒಂದು ಪಾಲನ್ನು ಬೇಯಿಸಿ, ಹೊಗೆಗಿಟ್ಟು, ಒಣಗಿಸಿ ಮಾಸ್ಮಿನ್ ಮಾಡುತ್ತಾರೆ. ಆ ಕೆಲಸದಲ್ಲಿ ಹೆಂಗಸರ ಕೈ ದೊಡ್ಡದು.

ಮಾಲ್ಡೀವ್ಸಿನವರ ಇಂಥದ್ದೇ ಕೋಲಿನ ಟ್ಯೂನ ಮೀನಿಗೆ 2012ರಲ್ಲಿ ಸಮುದ್ರಕ್ಕೆ ಹಾನಿಯಿಲ್ಲದ ಮೀನುಗಾರಿಕೆ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿದೆ. ಅಂದರೆ ಸಮುದ್ರ ಉಳಿಸುವ ಗಾಳದ ವಿದ್ಯೆ ಬೇಕೆಂದರೆ ಹೊರಗಿನಿಂದ ತರಬೇಕಾಗಿಲ್ಲ. ಅಲ್ಲೇ ಇದೆ. ಮುಳ್ಳಿಲ್ಲದ ಗಾಳ, ಒಂದು ಕೋಲಿಗೊಂದು ಮೀನು. ಆದರೂ ಕೋಲು ಹಿಡಿದವನನ್ನು ‘ಹಿಂದುಳಿದ ಮೀನುಗಾರ, ಅಭಿವೃದ್ಧಿಪಡಿಸಬೇಕು’ ಎನ್ನುತ್ತೇವೆ. ಕೆಲವು ಸಾವಿರ ರೂಪಾಯಿಯ ಹುಸಿಮೀನು ಕಟ್ಟಿದ ರಾಡ್ ಹಿಡಿದು ವಿಮಾನದಲ್ಲಿ ಬಂದವನನ್ನು ಕ್ರೀಡಾಪಟು ಎನ್ನುತ್ತೇವೆ.

ಈ ಕಸುಬಿನ ಕುತ್ತಿಗೆ ಇರುವುದು ಎರೆಯಲ್ಲಿ. ಎರೆ ಇರುವುದು ಲಗೂನಿನ ಹವಳದಲ್ಲಿ. 1998, 2010, 2016ರಲ್ಲಿ ಸಮುದ್ರ ಕಾದು ಅಲ್ಲಿಯ ಹವಳ ಬಿಳಿಚಿ ಸತ್ತಿತು. 2024ರಲ್ಲಿ ಮತ್ತೆ ಬಿಳಿಚಿತು. ಎರೆ ಸಿಗುತ್ತಿಲ್ಲ ಎನ್ನುವ ದೂರು ದ್ವೀಪದ ಮೀನುಗಾರರದ್ದು ಹಳೆಯದು. ಇಂಥ ಹೊತ್ತಿನಲ್ಲಿ ಪ್ರವಾಸೋದ್ಯಮಕ್ಕೆ ಬೇಕಾದ ಜಾಗವೂ ಅದೇ ಲಗೂನು. ನೀರಿನ ಮೇಲೆ ಕಂಬ ಊರಿ ಕಟ್ಟುವ ವಿಲ್ಲಾ ಹೊರಗಿನ ಅಲೆಯಲ್ಲಿ ನಿಲ್ಲುವುದಿಲ್ಲ, ಲಗೂನಿನ ತಿಳಿನೀರಿನಲ್ಲೇ ನಿಲ್ಲಬೇಕು. ಸ್ಪೋರ್ಟ್ ಫಿಶಿಂಗಿನ ವೇಗದ ಬೋಟು ನಿಲ್ಲುವ ಜೆಟ್ಟಿಯೂ ಅಲ್ಲೇ, ಅದು ಹೊರಗೆ ಹೋಗಲು ಅಗಲ ಮಾಡುವ ದಾರಿಯೂ ಅಲ್ಲೇ. ಹೊರ ಸಮುದ್ರದಲ್ಲಿ ಅತಿಥಿ ನಾಲ್ಕು ಮೀನು ಹಿಡಿದು ನಾಲ್ಕನ್ನೂ ಬಿಟ್ಟಿರಬಹುದು. ಅವನ ಮಲಗುವ ಕೋಣೆಯ ಕಂಬದಡಿ ಎಷ್ಟು ಎರೆ ಹೋಯಿತೆಂದು ಯಾವ ರೀಲ್ಸಿನಲ್ಲೂ ಬರುವುದಿಲ್ಲ.

2021ರಲ್ಲಿ ಲಕ್ಷದ್ವೀಪ ಆಡಳಿತ ಮಿನಿಕಾಯ್, ಸುಹೇಲಿ, ಕಡಮತ್ ದ್ವೀಪಗಳಲ್ಲಿ ಇಂಥ ವಿಲ್ಲಾಗಳಿಗೆ ಜಾಗತಿಕ ಟೆಂಡರ್ ಕರೆಯಿತು. ಸುಹೇಲಿಯನ್ನು ಜನವಸತಿ ಇಲ್ಲದ ದ್ವೀಪ ಎಂದು ಬರೆಯುತ್ತಾರೆ. ವರ್ಷವಿಡೀ ಮನೆ ಮಾಡಿಕೊಂಡು ಯಾರೂ ಇಲ್ಲ ನಿಜ. ಆದರೆ ಸೀಸನ್ನಿನಲ್ಲಿ ಬೇರೆ ದ್ವೀಪಗಳ ಮೀನುಗಾರರು ಅಲ್ಲಿ ಬೀಡುಬಿಟ್ಟು ಮೀನು ಹಿಡಿದು ಒಣಗಿಸುವ ಜಾಗ ಅದು. ನಮ್ಮ ಬಯಲುಸೀಮೆಯ ಗೋಮಾಳವನ್ನು ಕಾಗದದಲ್ಲಿ ‘ಖಾಲಿ ಜಾಗ’ ಎಂದು ಬರೆಯುವುದಿಲ್ಲವೇ, ಹಾಗೆ.

ಅದೇ 2021ರ ಬೇಸಿಗೆಯಲ್ಲಿ ನಡೆದ ಇನ್ನೆರಡು ಸಂಗತಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಮೀನುಗಾರರು ದಡದಲ್ಲಿ ಬಲೆ, ಸಾಮಾನು ಇಟ್ಟುಕೊಳ್ಳುತ್ತಿದ್ದ ಶೆಡ್ಡುಗಳನ್ನು ನಿಯಮ ಮೀರಿ ಕಟ್ಟಿದ್ದಾರೆಂದು ಆಡಳಿತ ಕೆಡವಿಸಿತು. ಕೆಲವೇ ವಾರಗಳಲ್ಲಿ, ಸ್ಥಳೀಯ ಮೀನುಗಾರಿಕೆ ಬೋಟುಗಳಲ್ಲಿ ಭದ್ರತೆಯ ಕಾರಣಕ್ಕೆ ಒಬ್ಬ ಸರ್ಕಾರಿ ನೌಕರ ಇರಬೇಕೆಂಬ ಆದೇಶ ಬಂತು. ವಿರೋಧ ಜೋರಾದ ಮೇಲೆ ಆ ಆದೇಶ ಹಿಂದಕ್ಕೆ ಹೋಯಿತು. ದಡದ ಶೆಡ್ಡು ಸಮುದ್ರಕ್ಕೆ ಅಪಾಯ, ಸಮುದ್ರದೊಳಗಿನ ವಿಲ್ಲಾ ಅಭಿವೃದ್ಧಿ. ಹುಟ್ಟಿದಾಗಿನಿಂದ ಆ ನೀರಿನಲ್ಲಿ ಇರುವವನ ಮೇಲೆ ಕಾವಲು, ಟಿಕೆಟ್ ತೆಗೆದು ಬರುವವನಿಗೆ ಕೆಂಪು ಹಾಸು. ಇದನ್ನು ಅಭಿವೃದ್ಧಿ ಎನ್ನುವವರು ನಿಘಂಟು ತೆಗೆದು ನೋಡಬೇಕು.

‘ಹಾಗಾದರೆ ದ್ವೀಪದ ಹುಡುಗರಿಗೆ ಕೆಲಸ ಬೇಡವೇ? ಎಲ್ಲರೂ ಟ್ಯೂನ ಹಿಡಿದುಕೊಂಡೇ ಇರಬೇಕೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಓದಿದ ಹುಡುಗರು ಅಲ್ಲಿ ಬಹಳ ಇದ್ದಾರೆ, ಕೆಲಸ ಕಡಿಮೆ. ಟ್ಯೂನಕ್ಕೆ ದರ ಬೀಳುತ್ತದೆ, ಮಂಜುಗಡ್ಡೆ ಸಿಗದೆ ಮೀನು ಕೆಡುತ್ತದೆ. ದೂರ ಕುಳಿತು ‘ನಿಮ್ಮ ಸಂಪ್ರದಾಯ ಉಳಿಸಿಕೊಳ್ಳಿ’ ಎಂದು ಉಪದೇಶ ಮಾಡುವುದು ಸುಲಭ, ಅದು ನನ್ನ ಉದ್ದೇಶವಲ್ಲ. ಅತಿಥಿ ಬರಲಿ. ಗಾಳ ಹಾಕಲಿ. ಯಾರ ಷರತ್ತಿನ ಮೇಲೆ ಎನ್ನುವುದರಲ್ಲೇ ಎಲ್ಲ ಇದೆ.

ಷರತ್ತು ಸರಿಯಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸಮುದ್ರಕ್ಕೆ ಹೋಗಬೇಕಿಲ್ಲ, ನಮ್ಮ ಕಾವೇರಿಯೇ ಸಾಕು. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮಹಶೀರ್ ಮೀನಿನ ಗಾಳದ ಶಿಬಿರ ನಡೆಸುತ್ತಿತ್ತು. ಅಲ್ಲೂ ಹಿಡಿದು ಬಿಡುವುದೇ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸುತ್ತಲ ಊರಿನವರೇ ಅಲ್ಲಿ ಗೈಡುಗಳಾದರು. ಯಾವ ಮಡುವಿನಲ್ಲಿ ಯಾವ ಮೀನು ಎಂದು ಅವರಿಗೆ ಗೊತ್ತಿತ್ತು. ಹಿಡಿದ ಪ್ರತಿ ಮೀನಿನ ತೂಕ, ಜಾತಿ ಬರೆದಿಡುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಕಾನೂನಿಗೆ ವಿರುದ್ಧ ಎಂದಾಗ ಶಿಬಿರಗಳ ಗಾಳ ನಿಂತಿತು. ಸಂಸ್ಥೆಗೆ ಸಫಾರಿ ಇತ್ತು, ಬೇರೆ ರೆಸಾರ್ಟು ಇತ್ತು. ಗೈಡಿಗೆ ಏನಿತ್ತು? ಲೈಸೆನ್ಸ್ ಅವನ ಹೆಸರಲ್ಲಿ ಇರಲಿಲ್ಲ, ತೆಪ್ಪ ಅವನದಲ್ಲ, ಊರಿನ ಸಂಘದ ಹೆಸರಲ್ಲಿ ಒಂದು ಕಾಗದವೂ ಇರಲಿಲ್ಲ. ತೋಟೆ ಹಾಕಿ ಮೀನು ಹಿಡಿಯುವವರು ಮತ್ತೆ ನದಿಗೆ ಬಂದರು ಎಂದು ಗಾಳದವರು ಇವತ್ತಿಗೂ ದೂರುತ್ತಾರೆ.

ಅದೇ ಕಾವೇರಿಯಲ್ಲಿ ಇನ್ನೊಂದು ಪಾಠವೂ ಇದೆ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಆ ಲೆಕ್ಕವನ್ನು ವಿಜ್ಞಾನಿಗಳು ಆಮೇಲೆ ತೆಗೆದು ನೋಡಿದಾಗ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಾಗುತ್ತ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿಯುತ್ತ ಹೋದದ್ದು ಕಂಡಿತು. 2018ರಲ್ಲಿ ಆ ಮೀನು ಜಗತ್ತಿನ ಅಳಿವಿನಂಚಿನ ಪಟ್ಟಿಯಲ್ಲಿ ಕೊನೆಯ ಮೆಟ್ಟಿಲಿಗೆ ಸೇರಿತು. ಗಾಳದವರ ಪುಸ್ತಕ ಇಲ್ಲದಿದ್ದರೆ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಆಟದಿಂದಲೂ ಉಪಕಾರ ಆಗುತ್ತದೆ, ಲೆಕ್ಕ ಇಟ್ಟರೆ. ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಿ ಬಂದವರು ಫೋಟೊ ಹಾಕುತ್ತಾರೆ. ಎಷ್ಟು ಹಿಡಿದರು, ಯಾವ ಗಾಳದಲ್ಲಿ, ಎಷ್ಟು ಬದುಕಿತು, ಎಷ್ಟು ಶಾರ್ಕಿನ ಪಾಲಾಯಿತು ಎನ್ನುವ ಪುಸ್ತಕ ಊರಿನವರ ಕೈಗೆ ಬರಬೇಕು. ಅದನ್ನು ಕೇಳುವ ಹಕ್ಕು ಆ ನೀರಿನಲ್ಲಿ ಬದುಕುವವರಿಗೆ ಇದೆ.

ಹಾಗಾಗಿ ಲಕ್ಷದ್ವೀಪದಲ್ಲಿ ಈ ಆಟ ನಡೆಯುವುದಾದರೆ ಬೋಟು ದ್ವೀಪದವರದೇ ಇರಬೇಕು, ಲೈಸೆನ್ಸ್ ಅವರ ಸಂಘದ ಹೆಸರಲ್ಲೇ ಇರಬೇಕು. ಹೊರಗಿನ ಕಂಪನಿ ಅತಿಥಿಯನ್ನು ಕರೆತರಲಿ, ಕಮಿಷನ್ ತೆಗೆದುಕೊಳ್ಳಲಿ, ಸಮುದ್ರ ತೆಗೆದುಕೊಳ್ಳುವುದು ಬೇಡ. ಗುಂಡು ಗಾಳ ಅಥವಾ ಮುಳ್ಳು ಸವೆಸಿದ ಗಾಳ ಬಿಟ್ಟು ಬೇರೆ ಇರಕೂಡದು. ಹಿಡಿದ ಟ್ಯೂನವನ್ನು ಬಿಡಬೇಕೆಂಬ ನಾಟಕವೂ ಬೇಡ. ಟ್ಯೂನ ತಿನ್ನುವ ಮೀನು, ದ್ವೀಪದಲ್ಲಿ ತಿನ್ನುವ ಬಾಯಿ ಇದೆ, ಅದು ಬೋಟಿನವನ ಮನೆಗೆ ಹೋಗಲಿ. ಜಿಟಿ, ಸೈಲ್‌ಫಿಶ್, ಮುರುವಿನಂಥವನ್ನು ಬಿಡಲಿ, ನೀರಿನಿಂದ ಎತ್ತದೆ ಬಿಡಲಿ. ಫೋಟೊ ನೀರಲ್ಲೇ ತೆಗೆಯಬಹುದು. ಜಿಟಿ ಮೊಟ್ಟೆಯಿಡಲು ಗುಂಪು ಸೇರುವುದು ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕದಲ್ಲಿ. ಆ ದಿನಗಳಲ್ಲಿ ಅಂಥ ದಿಬ್ಬಗಳಿಗೆ ರಜೆ ಕೊಡಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು 61 ದಿನ ದಡದಲ್ಲಿ ಕೂರುತ್ತವೆ. ದುಡಿದು ತಿನ್ನುವವನಿಗೆ ಹೊಟ್ಟೆ ಕಟ್ಟಲು ಹೇಳುವ ಸರ್ಕಾರ ಆಡಲು ಬಂದವನಿಗೆ ಎರಡು ದಿನ ಕಾಯಲು ಹೇಳಬಹುದು.

ಮಿಕ್ಕದ್ದೆಲ್ಲ ಚೌಕಾಸಿಗೆ ಬಿಟ್ಟರೂ ಎರೆಯ ಜಾಗದ ಮಾತು ಮಾತ್ರ ಚೌಕಾಸಿಗಿಲ್ಲ. ಎರೆ ಹಿಡಿಯುವ ಹೊತ್ತಿನಲ್ಲಿ ಆ ಹವಳದ ಮೇಲೆ ವೇಗದ ಬೋಟು ಓಡಬಾರದು. ಅಲ್ಲಿ ಕಂಬ ಊರಬಾರದು, ಹೂಳೆತ್ತಬಾರದು. ಆ ಜಾಗಗಳು ಯಾವುವು ಎಂದು ಪ್ರತಿ ದ್ವೀಪದ ಕೋಲಿನ ಬೋಟಿನವರಿಗೆ ಗೊತ್ತು, ಕಣ್ಣುಮುಚ್ಚಿ ತೋರಿಸುತ್ತಾರೆ. ಯಾವುದೇ ವಿಲ್ಲಾದ, ಯಾವುದೇ ಗೇಮ್ ಫಿಶಿಂಗಿನ ಮುಂದಿನ ಟೆಂಡರ್ ಹೊರಬೀಳುವ ಮೊದಲು ಅವರನ್ನು ಕರೆದು ಕೂರಿಸಿ, ಅವರು ತೋರಿಸಿದ ಗೆರೆಯನ್ನು ನಕ್ಷೆಯಲ್ಲಿ ಎಳೆದು, ಆ ನಕ್ಷೆಯನ್ನು ಮಲಯಾಳದಲ್ಲೂ ಮಿನಿಕಾಯಿನವರ ಮಹಲ್ ಭಾಷೆಯಲ್ಲೂ ಬರೆದು ಜೆಟ್ಟಿಯಲ್ಲಿ ಅಂಟಿಸಬೇಕು.